ತಿಪ್ಪೆ ಬಡವಾಯ್ತು, ಯೂರಿಯಾ ಸಾಲು ಬೆಳೀತು

ಹೊಸಬಾಳೆ ಎಂಬ ಹೆಸರು ದಿಲ್ಲಿ, ನಾಗಪುರದ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. 2021ರಲ್ಲಿ ಆರೆಸ್ಸೆಸ್ಸಿನ ಸರಕಾರ್ಯವಾಹರಾಗಿ ಆಯ್ಕೆಯಾದ ದತ್ತಾತ್ರೇಯ ಹೊಸಬಾಳೆಯವರ ಹುಟ್ಟೂರು ಇದು. ಆದರೆ ಸೊರಬ–ಶಿಕಾರಿಪುರ ಸೀಮೆಯ ಬಸ್ಸಿನಲ್ಲಿ ದಿನಾ ಓಡಾಡುವವರಿಗೆ ಹೊಸಬಾಳೆ ಒಂದು ಊರು, ಅಷ್ಟೇ. ಗದ್ದೆ, ತೋಟ, ಕೊಟ್ಟಿಗೆ, ಹಿತ್ತಲು ಇರುವ ಊರು. ಇವತ್ತಿನ ವಿಷಯ ಆ ಹಿತ್ತಲಿನದು. ಇನ್ನೂ ಸರಿಯಾಗಿ ಹೇಳಬೇಕೆಂದರೆ ಹಿತ್ತಲ ಮೂಲೆಯ ತಿಪ್ಪೆಯದು.

ಮೂಗು ಮುಚ್ಚಿಕೊಳ್ಳುವವರು ಮುಚ್ಚಿಕೊಳ್ಳಲಿ. ಈ ಎರಡು ತಾಲ್ಲೂಕುಗಳು ರಾಜ್ಯಕ್ಕೆ ಇಬ್ಬರು ಮುಖ್ಯಮಂತ್ರಿಗಳನ್ನು ಕೊಟ್ಟಿವೆ. ಸೊರಬದ ಎಸ್. ಬಂಗಾರಪ್ಪ 1990ರಿಂದ 1992ರವರೆಗೆ ಕುರ್ಚಿಯಲ್ಲಿದ್ದರು. ಶಿಕಾರಿಪುರದ ಬಿ.ಎಸ್. ಯಡಿಯೂರಪ್ಪ ಒಂದಲ್ಲ, ನಾಲ್ಕು ಸಲ ಪ್ರಮಾಣವಚನ ತೆಗೆದುಕೊಂಡರು. 2023ರ ಚುನಾವಣೆಯಲ್ಲಿ ಎರಡೂ ಕ್ಷೇತ್ರಗಳಲ್ಲಿ ಇವರಿಬ್ಬರ ಮಕ್ಕಳೇ ಗೆದ್ದರು. ಇಷ್ಟೆಲ್ಲ ದೊಡ್ಡವರನ್ನು ಕಂಡ ಸೀಮೆಯಲ್ಲಿ ಗೊಬ್ಬರದ ಪ್ರಶ್ನೆಯನ್ನು ಯಾರಾದರೂ ಬಗೆಹರಿಸಿದರೇ? ಬಗೆಹರಿಸಲಿಲ್ಲ. ಎಲ್ಲರೂ ತಿಪ್ಪೆ ಸಾರಿಸಿದರು. ತಿಪ್ಪೆ ಕಟ್ಟಿದವರು ಮಾತ್ರ ಕಡಿಮೆ.

ಚೀಲದ ರಾಜಕೀಯ

2025ರ ಮುಂಗಾರಿನಲ್ಲಿ ಏನಾಯಿತು ಎಂಬುದು ಎಲ್ಲರಿಗೂ ನೆನಪಿದೆ. ಮಳೆ ಬೇಗ ಬಂತು. ಮೆಕ್ಕೆಜೋಳದ ಬಿತ್ತನೆ ಹೆಚ್ಚಾಯಿತು. ಜುಲೈ ಹೊತ್ತಿಗೆ ರಾಜ್ಯದ ಹಲವು ಜಿಲ್ಲೆಗಳಲ್ಲಿ ಸೊಸೈಟಿ ಬಾಗಿಲಲ್ಲಿ ಜನ ಸಾಲು ನಿಂತರು. ಕೇಂದ್ರ ಕೊಡಬೇಕಾದಷ್ಟು ಯೂರಿಯಾ ಕೊಡಲಿಲ್ಲ ಅಂತ ಮುಖ್ಯಮಂತ್ರಿ ಸಿದ್ದರಾಮಯ್ಯ ದಿಲ್ಲಿಗೆ ಪತ್ರ ಬರೆದರು. ಬಂದ ಮಾಲನ್ನೇ ಸರಿಯಾಗಿ ಹಂಚಲಿಲ್ಲ, ಕಾಳಸಂತೆಗೆ ಬಿಟ್ಟಿರಿ ಅಂತ ಬಿಜೆಪಿಯವರು ಕೂಗಿದರು. ಇಬ್ಬರೂ ಕೂಗುವಷ್ಟರಲ್ಲಿ ಪೈರು ಹಳದಿಯಾಯಿತು.

ಇದು ಹೊಸ ನಾಟಕವೂ ಅಲ್ಲ. 2008ರ ಮೇ 30ರಂದು ಶಿಕಾರಿಪುರದ ಶಾಸಕರು ಮುಖ್ಯಮಂತ್ರಿಯಾಗಿ ರೈತರ ಹೆಸರಿನಲ್ಲಿ ಪ್ರಮಾಣ ಮಾಡಿದರು. ಹನ್ನೊಂದು ದಿನ ಕಳೆದು, ಜೂನ್ 10ರಂದು, ಪಕ್ಕದ ಹಾವೇರಿಯಲ್ಲಿ ಗೊಬ್ಬರ ಕೇಳಲು ಬಂದ ರೈತರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಜೀವ ಹೋಯಿತು. ಒಂದು ಚೀಲ ಗೊಬ್ಬರಕ್ಕೆ ಗುಂಡೇಟು ತಿಂದ ರಾಜ್ಯ ನಮ್ಮದು. ಅಂದು ಆಳುತ್ತಿದ್ದವರು ಇಂದು ವಿರೋಧದಲ್ಲಿ ಕೂಗುತ್ತಾರೆ, ಅಂದು ಕೂಗಿದವರು ಇಂದು ಪತ್ರ ಬರೆಯುತ್ತಾರೆ. ಚೀಲ ಮಾತ್ರ ಅದೇ.

ಅದೇ ಅನ್ನುವುದೂ ಪೂರ್ತಿ ಸರಿಯಲ್ಲ. 50 ಕೆಜಿ ಇದ್ದ ಯೂರಿಯಾ ಚೀಲ 2018ರಲ್ಲಿ 45 ಕೆಜಿಗೆ ಇಳಿಯಿತು. ಬೇವಿನೆಣ್ಣೆ ಲೇಪಿಸಿದ ಚೀಲದ ಸರ್ಕಾರಿ ದರ ಸುಮಾರು 266 ರೂಪಾಯಿ. ನಿಜವಾದ ಖರ್ಚು ಅದರ ಎಷ್ಟೋ ಪಟ್ಟು. ವ್ಯತ್ಯಾಸವನ್ನು ಸರ್ಕಾರ ತುಂಬುತ್ತದೆ, ಅಂದರೆ ಬೆಂಕಿಪೊಟ್ಟಣ ಕೊಳ್ಳುವ ನಾವೆಲ್ಲ ತುಂಬುತ್ತೇವೆ. ಅಗ್ಗ ಅಂತ ಬೇಕಾಬಿಟ್ಟಿ ಸುರಿಯುವುದು, ಸಿಗದಾಗ ಸಾಲು ನಿಲ್ಲುವುದು. "ಯೂರಿಯಾ ಬೇಕಾ? ಹಂಗಾದ್ರೆ ಜತೆಗೆ ಈ ಬಾಟಲೀನೂ ತಗೊಳ್ಳಿ" ಅಂತ ಕೌಂಟರಿನಲ್ಲಿ ಗಂಟು ಹಾಕುವ ದೂರು ರಾಜ್ಯದ ಎಲ್ಲ ಕಡೆಯಿಂದಲೂ ಬಂದಿದೆ. ಇದು ದೊಡ್ಡ ಹೊಲದ ಕಥೆ. ಆದರೆ ಸೊಸೈಟಿ ಸಾಲಿನಲ್ಲಿ ನಿಂತವರ ಹಿಂದೆ ಇನ್ನೊಂದು ಕಥೆ ಇದೆ. ಬದನೆ, ಬೆಂಡೆ, ಹೀರೆ, ಬಸಳೆಗೂ ಚೀಲದ ಗೊಬ್ಬರವೇ ಬೇಕು ಎನ್ನುವ ಮಟ್ಟಕ್ಕೆ ಹಿತ್ತಲು ಬಂದು ನಿಂತದ್ದು ಹೇಗೆ?

ಕೊಟ್ಟಿಗೆ ಖಾಲಿ, ಬೆಟ್ಟ ಬೋಳು

ಮಲೆನಾಡಿನ ಗೊಬ್ಬರದ ಲೆಕ್ಕ ಮೂರು ಕಾಲಿನ ಮೇಲೆ ನಿಂತಿತ್ತು. ಒಂದು ದನ. ಎರಡು ಸೊಪ್ಪು. ಮೂರು ಅದನ್ನು ಹೊರುವ ಮನುಷ್ಯ. ಮಳೆಗಾಲದಲ್ಲಿ ಹಸಿರು ಸೊಪ್ಪು, ಬೇಸಿಗೆಯಲ್ಲಿ ದರಕು, ಅಂದರೆ ಒಣಗಿದೆಲೆ, ಕೊಟ್ಟಿಗೆಗೆ ಹಾಸುವುದು. ದನ ತುಳಿದು, ಸಗಣಿ ಗಂಜಲ ಸೇರಿ ಹದವಾದದ್ದನ್ನು ಬೆಳಿಗ್ಗೆ ಎತ್ತಿ ಗುಂಡಿಗೆ ಹಾಕುವುದು. ವರ್ಷದ ಕೊನೆಗೆ ತೋಟಕ್ಕೆ, ಗದ್ದೆಗೆ, ಮಿಕ್ಕಿದ್ದು ಹಿತ್ತಲಿಗೆ. ಯಾವ ಇಲಾಖೆಯೂ ಇದನ್ನು ಕಲಿಸಲಿಲ್ಲ.

ಈಗ ಮೂರು ಕಾಲೂ ಮುರಿದಿವೆ. ರಾಜ್ಯದಲ್ಲಿ 2012ರ ಗಣತಿಯಲ್ಲಿ 95 ಲಕ್ಷದಷ್ಟಿದ್ದ ದನಗಳು 2019ರ ಗಣತಿಗೆ ಸುಮಾರು 85 ಲಕ್ಷಕ್ಕೆ ಇಳಿದವು. ಉಳುಮೆಗೆ ಟ್ರ್ಯಾಕ್ಟರ್, ಟಿಲ್ಲರ್ ಬಂದ ಮೇಲೆ ಎತ್ತು ಯಾಕೆ? ಹಾಲು ಪ್ಯಾಕೆಟ್ಟಿನಲ್ಲಿ ಬರುವಾಗ ಎಮ್ಮೆ ಯಾಕೆ? ಗದ್ದೆಗೆ ಅಡಿಕೆ ಇಟ್ಟ ಮೇಲೆ ಹುಲ್ಲೆಲ್ಲಿ? ಹುಲ್ಲಿಲ್ಲದೆ ದನವೆಲ್ಲಿ? ಒಂದಕ್ಕೊಂದು ಗಂಟು.

ಇನ್ನು ಸೊಪ್ಪು. ಅಡಿಕೆ ತೋಟದವರಿಗೆ ಸೊಪ್ಪಿನಬೆಟ್ಟದ ಸವಲತ್ತು ಹಿಂದಿನಿಂದ ಬಂದದ್ದು. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 79ನೇ ಕಲಮು ಹಳೇ ಮೈಸೂರು ಭಾಗದ ಕಾನು ಮತ್ತು ಸೊಪ್ಪಿನಬೆಟ್ಟದ ಸವಲತ್ತನ್ನು ಉಳಿಸಿಕೊಟ್ಟಿತು. ಸವಲತ್ತು ಅಂದರೆ ಸೊಪ್ಪು ತರುವ ಸವಲತ್ತು. ನೆಲದ ಮಾಲೀಕತ್ವ ಅಲ್ಲ. ಆದರೆ ಮಲೆನಾಡಿನಲ್ಲಿ ಎಷ್ಟೋ ಬೆಟ್ಟಗಳಿಗೆ ಬೇಲಿ ಬಿದ್ದು, ಒಳಗೆ ಅಡಿಕೆ, ಶುಂಠಿ, ಅನಾನಸು ಎದ್ದಿದೆ. ಸೊರಬದ ಕಾನುಗಳ ಬಗ್ಗೆ ಬ್ರಿಟಿಷ್ ಕಾಲದ ಅಧಿಕಾರಿಗಳಾದ ಬ್ರಾಂಡಿಸ್ ಮತ್ತು ಗ್ರ್ಯಾಂಟ್ 1868ರಷ್ಟು ಹಿಂದೆಯೇ ಜಂಟಿ ವರದಿ ಬರೆದಿದ್ದರು. ಅಷ್ಟು ಹೆಸರಿದ್ದ ಕಾಡು ಇದು. ಕಾಡು ಕರಗಿತು. ಗೊಬ್ಬರಕ್ಕೆ ಸೊಪ್ಪು ಕೊಡುತ್ತಿದ್ದ ಬೆಟ್ಟ ಈಗ ತಾನೇ ಗೊಬ್ಬರ ಕೇಳುವ ತೋಟವಾಗಿದೆ. ಶುಂಠಿ ಹೊಲಕ್ಕೆ ಬಯಲುಸೀಮೆಯಿಂದ ಲಾರಿಯಲ್ಲಿ ಕುರಿಗೊಬ್ಬರ, ಕೋಳಿಗೊಬ್ಬರ ಬರುತ್ತದೆ. ದುಡ್ಡಿದ್ದವನಿಗೆ ಲಾರಿ. ದುಡ್ಡಿಲ್ಲದವನ ಹಿತ್ತಲಿಗೆ?

ದರಕಿನಲ್ಲಿ ಕೂತ ಸಾವು

ಇಲ್ಲೇ ಇನ್ನೊಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. "ದನ ಇಲ್ದಿದ್ರೆ ಹೋಗ್ಲಿ, ಕಾಡಿಂದ ದರಕು ಗುಡಿಸಿಕೊಂಡು ಬಂದು ಗುಂಡಿ ತುಂಬಿಸ್ರಿ" ಅಂತ ಭಾಷಣ ಮಾಡುವವರು ಉಂಟು. ಭಾಷಣ ಮಾಡುವವರು ಬೆಂಗಳೂರಿಗೆ ಹೋಗಿ ಮಲಗುತ್ತಾರೆ. ದರಕು ಗುಡಿಸುವ ಹೆಂಗಸು ಇಲ್ಲೇ ಮಲಗಬೇಕು, ಜ್ವರದಲ್ಲಿ.

ಮಂಗನ ಕಾಯಿಲೆಗೆ ಜಗತ್ತಿನ ವೈದ್ಯರು ಇಟ್ಟಿರುವ ಹೆಸರು ಕ್ಯಾಸನೂರು ಕಾಡಿನ ಕಾಯಿಲೆ. ಆ ಕ್ಯಾಸನೂರು ಇರುವುದು ಎಲ್ಲೋ ಆಫ್ರಿಕಾದಲ್ಲಲ್ಲ, ಇದೇ ಸೊರಬ ತಾಲ್ಲೂಕಿನಲ್ಲಿ. 1957ರಲ್ಲಿ ಇಲ್ಲಿ ಮಂಗಗಳು ಸತ್ತು ಬಿದ್ದವು, ಜನ ಜ್ವರದಲ್ಲಿ ನರಳಿದರು, ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ರೋಗಾಣು ಹುಡುಕಿದರು. ಅದನ್ನು ಹರಡುವುದು ಉಣುಗು. ಉಣುಗಿನ ಮರಿಗಳು ಕಾಡಿನ ನೆಲದ ಒಣಗಿದೆಲೆಯಲ್ಲಿ ಕೂತಿರುತ್ತವೆ. ನವೆಂಬರ್–ಡಿಸೆಂಬರಿನಿಂದ ಮೇ ತನಕ ಅವುಗಳ ಕಾಟ ಜಾಸ್ತಿ. ದರಕು ಗುಡಿಸುವ ಕಾಲವೂ ಅದೇ!

ತೀರ್ಥಹಳ್ಳಿ ಕಡೆ 2011–12ರಲ್ಲಿ ಕಾಯಿಲೆ ಎದ್ದಾಗ ತಜ್ಞರು ತನಿಖೆ ಮಾಡಿದರು. ಕಾಡಿಗೆ ಹೋಗುವವರ ಜತೆಗೆ, ಮನೆ ಸುತ್ತ ಒಣ ಎಲೆಯ ರಾಶಿ ಹಾಕಿಕೊಂಡವರಿಗೂ ಅಪಾಯ ಹೆಚ್ಚು ಎಂಬುದು ಕಂಡುಬಂತು. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತ ಸಾವಿನ ಮೇಲೆ ಸಾವು ಸಂಭವಿಸಿತು. ಇದ್ದ ಲಸಿಕೆಯಲ್ಲಿ ಶಕ್ತಿ ಸಾಲದು ಅಂತ 2022ರಲ್ಲಿ ರಾಜ್ಯ ಸರ್ಕಾರವೇ ಅದನ್ನು ಕೊಡುವುದನ್ನು ನಿಲ್ಲಿಸಿತು. ಉಣುಗು ಹತ್ತದಂತೆ ಮೈಗೆ ಹಚ್ಚುವ ಎಣ್ಣೆ, ಕಾಡಿನಿಂದ ಬಂದ ಕೂಡಲೆ ಬಿಸಿನೀರಿನ ಸ್ನಾನ, ಉಟ್ಟ ಬಟ್ಟೆಯನ್ನು ಕುದಿನೀರಿಗೆ ಹಾಕುವುದು – ಬಡವರ ಕೈಲಿರುವ ಆಯುಧ ಇಷ್ಟೇ.

ಅಂದ ಮೇಲೆ ಗೊಬ್ಬರದ ವಿಷಯ ಬರೀ ಬೆಳೆಯ ವಿಷಯವಲ್ಲ. ಕಾಡಿನ ದರಕು ಬೇಡ, ಹಿತ್ತಲಿನ ಕಸವೇ ಸಾಕು ಅನ್ನುವುದಾದರೆ ಒಂದು ಜೀವ ಉಳಿಯಬಹುದು. ಅಡುಗೆಮನೆಯ ಸಿಪ್ಪೆ, ತೋಟದ ಸೋಗೆ, ಬೇಲಿಯ ಸೊಪ್ಪು, ಅಂಗಳದ ಮರದ ಎಲೆ, ಕಳೆ – ಇವಿಷ್ಟರಿಂದ ಕಾಂಪೋಸ್ಟ್ ಆಗುತ್ತದೆಯೇ? ಎಷ್ಟು ಆಗುತ್ತದೆ? ಲೆಕ್ಕ ಹಾಕೋಣ. ಅಂಗಡಿಯವರಿಗೆ ಲೆಕ್ಕ ಇಷ್ಟ.

ಒಂದು ಮನೆ, ಒಂದು ಗುಂಟೆ

ಐದು ಜನರ ಒಂದು ಮನೆ ಅಂತ ಇಟ್ಟುಕೊಳ್ಳಿ. ತರಕಾರಿ ಸಿಪ್ಪೆ, ಬಾಳೆಹಣ್ಣಿನ ಸಿಪ್ಪೆ, ಚಹದ ಗಸಿ, ಕೊಳೆತ ಸೊಪ್ಪು ಎಲ್ಲ ಸೇರಿ ದಿನಕ್ಕೆ 1 ಕೆಜಿ ಹಸಿಕಸ. ಅದಕ್ಕೆ ಅಷ್ಟೇ ತೂಕದ ಒಣಕಸ. ವರ್ಷಕ್ಕೆ ಸುಮಾರು 730 ಕೆಜಿ. ಕೊಳೆತು ಕಾಂಪೋಸ್ಟ್ ಆಗುವಾಗ ಮೂರರಲ್ಲಿ ಎರಡು ಪಾಲು ಆವಿಯಾಗಿ, ಗಾಳಿಯಾಗಿ ಹೋಗುತ್ತದೆ ಅಂತ ಹಿಡಿದರೆ ಉಳಿಯುವುದು 240 ಕೆಜಿ ಆಸುಪಾಸು.

ಎಕರೆಗೆ 10 ಟನ್ ಕೊಟ್ಟಿಗೆ ಗೊಬ್ಬರ ಎಂಬುದು ತರಕಾರಿಗೆ ಹೇಳುವ ವಾಡಿಕೆಯ ಪ್ರಮಾಣ. ಎಕರೆಗೆ 40 ಗುಂಟೆ. ಅಂದರೆ ಗುಂಟೆಗೆ 250 ಕೆಜಿ. ಅಲ್ಲಿಗೆ ಲೆಕ್ಕ ಸರಿಹೋಯಿತು. ಒಂದು ಮನೆಯ ಒಂದು ವರ್ಷದ ಕಸ ಒಂದು ಗುಂಟೆ ಹಿತ್ತಲಿಗೆ ಒಂದು ಸಲಕ್ಕೆ ಸಾಕು. ಹತ್ತಡಿ ಉದ್ದ ಹತ್ತಡಿ ಅಗಲದ ಮಡಿಯಾದರೆ 23 ಕೆಜಿ ಸಾಕು. ಮೂರು ಮಡಿ ಮಾಡಿ, ವರ್ಷಕ್ಕೆ ಮೂರು ಬೆಳೆ ತೆಗೆದರೂ ಇನ್ನೂ ಎರಡು ಬುಟ್ಟಿ ಮಿಗುತ್ತದೆ.

ಇನ್ನು ಇದೇ ಲೆಕ್ಕದ ಇನ್ನೊಂದು ಮುಖ. ಇದನ್ನು ಸಾವಯವದ ಭಾಷಣಕಾರರು ಹೇಳುವುದಿಲ್ಲ. ಆ 240 ಕೆಜಿ ಕಾಂಪೋಸ್ಟಿನಲ್ಲಿ ಸಾರಜನಕ ನೂರಕ್ಕೆ ಮುಕ್ಕಾಲು ಪಾಲು ಅಂತ ಹಿಡಿದರೆ ಸಿಗುವುದು 1.8 ಕೆಜಿ. ಯೂರಿಯಾದಲ್ಲಿ ನೂರಕ್ಕೆ 46 ಪಾಲು ಸಾರಜನಕ. ಹಾಗಾದರೆ ವರ್ಷವಿಡೀ ಬೆವರು ಸುರಿಸಿ ಮಾಡಿದ ಗೊಬ್ಬರ ಬರೀ 4 ಕೆಜಿ ಯೂರಿಯಾಕ್ಕೆ ಸಮ. ಸರ್ಕಾರಿ ದರದಲ್ಲಿ ಬೆಲೆ 24 ರೂಪಾಯಿ! ಬಸ್‌ಸ್ಟ್ಯಾಂಡಿನ ಎರಡು ಚಹದ ದುಡ್ಡು.

ಹಾಗಾದರೆ ತಿಪ್ಪೆ ದಂಡವೇ? ಅಲ್ಲ. ಯೂರಿಯಾ ಕೊಡುವುದು ಸಾರಜನಕ ಒಂದನ್ನೇ. ಕಾಂಪೋಸ್ಟಿನಲ್ಲಿ ರಂಜಕ, ಪೊಟ್ಯಾಷ್, ಸುಣ್ಣದಂಶ, ಸತು, ಬೋರಾನ್ ಚೂರುಚೂರಾದರೂ ಇರುತ್ತದೆ. ಅದಕ್ಕಿಂತ ದೊಡ್ಡದು ಮಣ್ಣಿನ ಗುಣ. ಈ ಸೀಮೆಯ ಕೆಂಪು ಜಂಬಿಟ್ಟಿಗೆ ಮಣ್ಣು ಜಡಿಮಳೆಗೆ ಸಾರ ಕಳಕೊಂಡು ಹುಳಿಯಾಗುತ್ತದೆ. ಮೇಲೆ ಸುರಿದ ಯೂರಿಯಾ ಒಂದು ರಾತ್ರಿಯ ಮಳೆಗೆ ಕೊಚ್ಚಿ ಹಳ್ಳ ಸೇರುತ್ತದೆ. ಕಾಂಪೋಸ್ಟ್ ಬಿದ್ದ ಮಣ್ಣು ನೀರನ್ನೂ ಸಾರವನ್ನೂ ಹಿಡಿದುಕೊಂಡು ನಿಧಾನಕ್ಕೆ ಬಿಡುತ್ತದೆ. ಬೇಸಿಗೆಯಲ್ಲಿ ಕೊಡ ನೀರು ಹೊರುವವರಿಗೆ ಅದರ ಬೆಲೆ ಗೊತ್ತು.

ಆದ್ದರಿಂದ ನ್ಯಾಯವಾದ ತೀರ್ಮಾನ ಇಷ್ಟು. ನಾಲ್ಕೆಕರೆ ಮೆಕ್ಕೆಜೋಳಕ್ಕೆ ಅಡುಗೆಮನೆ ಕಾಂಪೋಸ್ಟ್ ಸಾಕು ಅನ್ನುವವನು ಸುಳ್ಳ. ಒಂದು ಎಕರೆಗೇ ನಲವತ್ತು ಮನೆಯ ಕಸ ಬೇಕು. ಆದರೆ ಹಿತ್ತಲ ಬಸಳೆಗೂ ಯೂರಿಯಾ ಬೇಕು ಅನ್ನುವವನು ಸೋಮಾರಿ. ಹೊಲದ ಸಾಲು ಸರ್ಕಾರ ಬಗೆಹರಿಸಬೇಕು. ಹಿತ್ತಲನ್ನು ಮನೆಯವರೇ ಆ ಸಾಲಿನಿಂದ ಹೊರಗೆ ತರಬಹುದು.

ಇಂದೋರು, ಬೆಂಗಳೂರು ಮತ್ತು ಮಲೆನಾಡಿನ ಮಳೆ

ಮಾಡುವುದು ಹೇಗೆ? ಪುಸ್ತಕದಲ್ಲಿ ಎರಡು ಹಳೇ ದಾರಿಗಳಿವೆ. ಒಂದು ಇಂದೋರು ವಿಧಾನ. ಆಲ್ಬರ್ಟ್ ಹೊವಾರ್ಡ್ ಎಂಬ ಇಂಗ್ಲಿಷಿನವನು 1924ರಿಂದ 1931ರವರೆಗೆ ಇಂದೋರಿನಲ್ಲಿದ್ದು ರೂಪಿಸಿದ್ದು. ಇಲ್ಲಿಯ ರೈತರೇ ತನ್ನ ಮೇಷ್ಟ್ರುಗಳು ಅಂದುಕೊಂಡಿದ್ದ ಮನುಷ್ಯ. ಹಸಿಕಸ, ಒಣಕಸ, ಸಗಣಿ, ಮಣ್ಣು, ಬೂದಿ ಪದರ ಪದರವಾಗಿ ಹಾಕಿ, ಎರಡು ಮೂರು ಸಲ ಮಗುಚಿ, ಮೂರು ತಿಂಗಳಿಗೆ ಗೊಬ್ಬರ ಮಾಡುವುದು. ಇನ್ನೊಂದು ನಮ್ಮದೇ ಬೆಂಗಳೂರು ವಿಧಾನ. 1939ರಲ್ಲಿ ಬೆಂಗಳೂರಿನಲ್ಲಿ ಡಾ. ಸಿ.ಎನ್. ಆಚಾರ್ಯ ರೂಪಿಸಿದ್ದು. ಪದರ ಹಾಕಿ ಮಣ್ಣು ಮುಚ್ಚಿ ಬಿಟ್ಟರೆ ಮಗುಚುವ ಕೆಲಸವಿಲ್ಲ. ಆದರೆ ಆರೆಂಟು ತಿಂಗಳು ಕಾಯಬೇಕು. ಆಳು ಸಿಗದ ಕಾಲಕ್ಕೆ ಎರಡನೆಯದು ವಾಸಿ, ಅವಸರದವರಿಗೆ ಮೊದಲನೆಯದು.

ಎರಡನ್ನೂ ಇಲ್ಲಿಯ ಮಳೆಗೆ ಹೊಂದಿಸಿಕೊಳ್ಳಬೇಕು. ಜೂನಿನಲ್ಲಿ ನೆಲದೊಳಗಿನ ಗುಂಡಿ ಬಾವಿಯಾಗುತ್ತದೆ. ಸಾರವೆಲ್ಲ ಕಪ್ಪು ನೀರಾಗಿ ಹರಿದು ಉಳಿಯುವುದು ಗಬ್ಬು ಮಾತ್ರ. ಆದ್ದರಿಂದ ಬೇಸಿಗೆಗೆ ಗುಂಡಿ, ಮಳೆಗಾಲಕ್ಕೆ ನೆಲದ ಮೇಲೆ ರಾಶಿ. ರಾಶಿಯ ಮೇಲೆ ಸೋಗೆಯದೋ ಹಳೇ ತಗಡಿನದೋ ಒಂದು ಮಾಡು. ಬಾವಿಯಿಂದ ದೂರ, ಎತ್ತರದ ಜಾಗ. ರಾಶಿ ಮೂರಡಿ ಉದ್ದ, ಮೂರಡಿ ಅಗಲ, ಮೂರಡಿ ಎತ್ತರಕ್ಕಿಂತ ಚಿಕ್ಕದಾದರೆ ಕಾವು ನಿಲ್ಲುವುದಿಲ್ಲ.

ಹದ ಹೀಗೆ. ಒಂದು ಬುಟ್ಟಿ ಹಸಿಕಸಕ್ಕೆ ಎರಡು ಬುಟ್ಟಿ ಒಣಕಸ. ನಡುವೆ ಸಗಣಿ ಬಗ್ಗಡ. ಸಗಣಿ ಇಲ್ಲದವರು ಹಳೇ ಗೊಬ್ಬರ ಎರಡು ಮುಷ್ಟಿ ಉದುರಿಸಿದರೂ ಸಾಕು. ಒದ್ದೆ ಎಷ್ಟಿರಬೇಕು ಅಂದರೆ ಮುಷ್ಟಿಯಲ್ಲಿ ಹಿಂಡಿದಾಗ ಹಿಂಡಿದ ಬಟ್ಟೆಯ ಹಾಗಿರಬೇಕು, ನೀರು ಸುರಿಯಬಾರದು. ಸರಿ ಬಿದ್ದರೆ ಕೆಲವೇ ದಿನದಲ್ಲಿ ಒಳಗೆ 55ರಿಂದ 65 ಡಿಗ್ರಿ ಕಾವೇರುತ್ತದೆ. ಥರ್ಮಾಮೀಟರು ಬೇಡ, ಹಾರೆ ಚುಚ್ಚಿ ಐದು ನಿಮಿಷ ಬಿಟ್ಟು ತೆಗೆದು ಮುಟ್ಟಿ ನೋಡಿದರೆ ಗೊತ್ತಾಗುತ್ತದೆ. ಆ ಕಾವಿಗೆ ಕಳೆಯ ಬೀಜ ಸಾಯುತ್ತದೆ. ನಾತ ಬಂದರೆ ಹಸಿ ಜಾಸ್ತಿಯಾಗಿದೆ, ಒಣಕಸ ಸೇರಿಸಿ ಮಗುಚಿ. ಕಾವೇ ಬಾರದಿದ್ದರೆ ಒಣಕಸ ಜಾಸ್ತಿಯಾಗಿದೆ, ಬಗ್ಗಡ ಸುರಿಯಿರಿ. ಕೊನೆಗೆ ಕಪ್ಪಗೆ, ಪುಡಿಪುಡಿಯಾಗಿ, ಮೊದಲ ಮಳೆಯ ಮಣ್ಣಿನ ವಾಸನೆ ಬಂದರೆ ಆಯಿತು. ಅರೆಬೆಂದದ್ದನ್ನು ಬುಡಕ್ಕೆ ಹಾಕಿದರೆ ಗಿಡ ಹಳದಿಯಾಗುತ್ತದೆ, ಕೊಳೆಯುವ ಕಸವೇ ಮಣ್ಣಿನ ಸಾರಜನಕ ತಿಂದುಹಾಕುತ್ತದೆ.

ಹಸಿರು ಸೊಪ್ಪಿಗೆ ಬೆಟ್ಟಕ್ಕೆ ಹೋಗಬೇಕಿಲ್ಲ. ಬೇಲಿಗೆ ಗ್ಲಿರಿಸಿಡಿಯಾ ಗೂಟ ನೆಟ್ಟರೆ ಅದೇ ಚಿಗುರುತ್ತದೆ. ಜನ ಅದನ್ನು ಗೊಬ್ಬರ ಗಿಡ ಅಂತಲೇ ಕರೆಯುತ್ತಾರೆ. ವರ್ಷಕ್ಕೆ ಎರಡು ಮೂರು ಸಲ ಸವರಬಹುದು. ಕಮ್ಯುನಿಸ್ಟ್ ಗಿಡವನ್ನೂ ಹೂ ಬಿಡುವ ಮೊದಲು ಕಡಿದು ಹಾಕಬಹುದು, ಅದಕ್ಕೆ ಪಕ್ಷಭೇದವಿಲ್ಲ. ಅಡಿಕೆ ಸೋಗೆ, ಹಾಳೆ ಕೊಚ್ಚಿ ಹಾಕಬೇಕು. ಅಡಿಕೆ ಸಿಪ್ಪೆ ಗಟ್ಟಿ, ಬೇಗ ಕೊಳೆಯುವುದಿಲ್ಲ. ಪ್ರತ್ಯೇಕ ರಾಶಿ ಮಾಡಿ ಸಗಣಿ ನೀರು ಕುಡಿಸಿ ವರ್ಷ ಬಿಡಬೇಕು. ಕೊಯ್ಲಿನ ಕಾಲದಲ್ಲಿ ಅದನ್ನು ರಸ್ತೆ ಬದಿಗೆ ಸುರಿದು ಬೆಂಕಿ ಕೊಡುವ ಧೀರರು ಸ್ವಂತ ತೋಟದ ಪೊಟ್ಯಾಷನ್ನೇ ಸುಡುತ್ತಿದ್ದಾರೆ, ಜತೆಗೆ ಬಸ್ಸಿನವರ ಕಣ್ಣನ್ನೂ. ಎರೆಹುಳದ ತೊಟ್ಟಿ ಬೇಕೆನ್ನುವವರು ಕಸವನ್ನು ಮೊದಲು ಅರೆ ಕೊಳೆಸಿ, ಕಾವು ಆರಿದ ಮೇಲೆ ಹುಳ ಬಿಡಬೇಕು. ಬಿಸಿ ರಾಶಿಗೆ ಹುಳ ಬಿಟ್ಟು ಕೊಂದು, ಆಮೇಲೆ ಇಲಾಖೆಯನ್ನು ಬೈದರೆ ಪ್ರಯೋಜನವಿಲ್ಲ.

ಹಾಕಬಾರದ್ದೂ ಇದೆ. ಪ್ಲಾಸ್ಟಿಕ್, ಬ್ಯಾಟರಿ, ಔಷಧಿ ಬಾಟಲಿ ಹೇಳಬೇಕಿಲ್ಲ. ಮೀನು ಮಾಂಸದ ಮಿಕ್ಕಿದ್ದು ಹಾಕಿದರೆ ನಾಯಿ, ಹೆಗ್ಗಣಕ್ಕೆ ಕರೆಯೋಲೆ. ಕೊಳೆರೋಗ ಬಂದ ಶುಂಠಿ ಗಿಡ, ಗಡ್ಡೆ ಖಂಡಿತ ಬೇಡ. ಮನೆಯ ರಾಶಿಯಲ್ಲಿ ಎಲ್ಲ ಕಡೆ ಒಂದೇ ಕಾವು ಬರುವುದಿಲ್ಲ, ರೋಗ ಗೊಬ್ಬರದ ಜತೆ ಹಿತ್ತಲು ಸುತ್ತುತ್ತದೆ. ತೆಂಗಿನ ಸುಳಿ ಕೊರೆಯುವ ಕುರುವಾಯಿ ದುಂಬಿ ಮೊಟ್ಟೆ ಇಡುವುದು ತಿಪ್ಪೆಯಲ್ಲೇ. ಮಗುಚುವಾಗ ಬಿಳೀ ದಪ್ಪ ಹುಳ ಕಂಡರೆ ಆರಿಸಿ ಕೊಲ್ಲಬೇಕು.

ಹೊರುವವರು ಯಾರು?

ಇಲ್ಲಿಯವರೆಗೆ ಎಲ್ಲ ಸುಲಭವಾಗಿ ಕಾಣುತ್ತದೆ. ಹಾಗಿದ್ದರೆ ಜನ ಯಾಕೆ ಮಾಡುವುದಿಲ್ಲ? ಈ ಪ್ರಶ್ನೆಗೆ ಉತ್ತರ ವಿಜ್ಞಾನದಲ್ಲಿಲ್ಲ.

ಬೆಂಗಳೂರು ವಿಧಾನ ಹುಟ್ಟಿದ್ದೇ ಊರ ಕಸ ಮತ್ತು ಮಲ ಎರಡನ್ನೂ ಪದರ ಪದರವಾಗಿ ಹೂಳಲು. ವಿಜ್ಞಾನ ಸರಿ. ಆದರೆ ಆ ಮಲವನ್ನು ಹೊತ್ತು ತಂದ ತಲೆ ಯಾರದು? ಪುಸ್ತಕದಲ್ಲಿ ಕಂದಕದ ಅಳತೆ ಇದೆ, ಹೊತ್ತವನ ಜಾತಿ ಇಲ್ಲ. 1970ರ ದಶಕದಲ್ಲಿ ಬಿ. ಬಸವಲಿಂಗಪ್ಪ ಮಂತ್ರಿಯಾಗಿದ್ದಾಗ ತಲೆ ಮೇಲೆ ಮಲ ಹೊರುವುದನ್ನು ರಾಜ್ಯದಲ್ಲಿ ನಿಲ್ಲಿಸಲು ಹೊರಟರು. ದೇಶಕ್ಕೆ ಅಂತ ಕಾನೂನು ಬರಲು 1993 ಆಗಬೇಕಾಯಿತು, ಅದೂ ಸಾಲದೆ 2013ರಲ್ಲಿ ಇನ್ನೊಂದು. ಮನೆಯ ಮಟ್ಟಕ್ಕೆ ಬಂದರೂ ಕಥೆ ಬೇರೆಯಲ್ಲ. ಕೊಟ್ಟಿಗೆ ಬಾಚುವುದು, ಬುಟ್ಟಿ ಹೊರುವುದು ಹೆಂಗಸರ ಪಾಲು ಇಲ್ಲಾ ಆಳಿನ ಪಾಲು. ಜಗಲಿ ಮೇಲೆ ಕೂತು ಸಾವಯವದ ಮಹಿಮೆ ಹೇಳುವುದು ಗಂಡಸರ ಪಾಲು. ಆಳು ಕೆಲಸ ಬಿಟ್ಟು ಪೇಟೆಗೆ ಹೋದ, ಮನೆಯ ಹುಡುಗಿ ಓದಿ ನೌಕರಿಗೆ ಹೋದಳು. ಅವರು ಹೋದದ್ದು ಒಳ್ಳೆಯದೇ. ತಿಪ್ಪೆ ಬಡವಾದದ್ದು ಅವರ ತಪ್ಪಲ್ಲ, ಬುಟ್ಟಿಗೆ ಕೈ ಹಾಕದ ಮಿಕ್ಕವರ ತಪ್ಪು.

ಪೇಟೆಯ ಪಾಪ

ಈ ಬೆಂಗಳೂರು ವಿಧಾನದ ಇನ್ನೊಂದು ವ್ಯಂಗ್ಯ ನೋಡಿ. ಕಾಂಪೋಸ್ಟಿಗೆ ಅಂತಲೇ ರಾಜ್ಯದಲ್ಲಿ 1975ರಲ್ಲಿ ಒಂದು ನಿಗಮ ಹುಟ್ಟಿತು – ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮ. ಅಷ್ಟೆಲ್ಲ ಇದ್ದ ಬೆಂಗಳೂರು ತನ್ನ ಕಸವನ್ನು ಬೆರೆಸಿ ಬೆರೆಸಿ ಮಾವಳ್ಳಿಪುರ, ಮಂಡೂರು ಹಳ್ಳಿಗಳ ತಲೆ ಮೇಲೆ ಸುರಿಯಿತು. ಹಳ್ಳಿಯವರು ಬೀದಿಗಿಳಿದ ಮೇಲೆ, ಮಂಡೂರಿಗೆ ಲಾರಿ ಹೋಗುವುದು ನಿಂತದ್ದು 2014ರಲ್ಲಿ. ಕಾಂಪೋಸ್ಟಿಗೆ ಜಗತ್ತಿನ ಪುಸ್ತಕಗಳಲ್ಲಿ ತನ್ನ ಹೆಸರು ಕೊಟ್ಟ ಊರಿನ ಗತಿ ಇದು.

ಸೊರಬ, ಶಿಕಾರಿಪುರದ ಪೇಟೆಯವರು ಇದನ್ನು ಓದಿ ನಗಬೇಕಿಲ್ಲ. ತರಕಾರಿ ಅಂಗಡಿಯ ಕೊಳೆತ ಟೊಮೆಟೊ, ಎಳನೀರು ಬುರುಡೆ, ಹೋಟೆಲಿನ ಬಾಳೆ ಎಲೆ, ಕ್ಯಾರಿಬ್ಯಾಗು ಎಲ್ಲವೂ ಒಂದೇ ಬುಟ್ಟಿಗೆ ಬಿದ್ದ ಮೇಲೆ ಅದು ಗೊಬ್ಬರವೂ ಆಗುವುದಿಲ್ಲ, ಗುಜರಿಯೂ ಆಗುವುದಿಲ್ಲ. ಹಸಿಕಸ, ಒಣಕಸ ಬೇರೆ ಮಾಡಿ ಕೊಡಬೇಕು, ಸುಡಬಾರದು ಅಂತ 2016ರ ಕೇಂದ್ರದ ನಿಯಮದಲ್ಲೇ ಬರೆದಾಗಿತ್ತು. ಅಂಗಡಿಯವರಿಗೆ ಇದು ದೊಡ್ಡ ತಲೆನೋವಲ್ಲ, ಎರಡು ಡಬ್ಬಿ ಇಟ್ಟರೆ ಮುಗಿಯಿತು. ಆದರೆ ಅಂಗಡಿಯವರ ದೂರಿನಲ್ಲೂ ಸತ್ಯವಿದೆ. "ನಾವು ಬೇರೆ ಮಾಡಿ ಕೊಟ್ಟರೆ ಗಾಡಿಯವರು ಒಂದೇ ಕಡೆ ಸುರೀತಾರಲ್ರೀ!" ಗಾಡಿಯಲ್ಲಿ ಎರಡು ಭಾಗ ಇಡುವುದು, ಎರಡನ್ನೂ ಬೇರೆಬೇರೆ ಕಡೆ ಒಯ್ಯುವುದು ಊರಾಡಳಿತದ ಕೆಲಸ. ಆ ಕೆಲಸ ಆಗದೆ ಅಂಗಡಿಯವರಿಗೆ ದಂಡ ಹಾಕುವುದು ನ್ಯಾಯವಲ್ಲ.

ಪೇಟೆಯ ಹಸಿಕಸ ಚೊಕ್ಕಟವಾಗಿ ಸಿಕ್ಕರೆ ಮೇಲೆ ಹೇಳಿದ ಲೆಕ್ಕವೇ ಬದಲಾಗುತ್ತದೆ. ಒಂದು ಎಕರೆಗೆ ನಲವತ್ತು ಮನೆಯ ಕಸ ಬೇಕು ಅಂದೆವಲ್ಲ, ಪೇಟೆಯಲ್ಲಿ ಮನೆಗೆ ಬರವಿಲ್ಲ. ಹಿತ್ತಲಿಲ್ಲದ ಪೇಟೆಯ ಕಸಕ್ಕೆ ಹಿತ್ತಲಿರುವ ಹಳ್ಳಿ ಬೇಕು. ಆದರೆ ಒಂದು ಗಾಜಿನ ಚೂರು, ಒಂದು ಸೂಜಿ ಬಂದರೂ ಹಳ್ಳಿಯವರು ಎರಡನೇ ಸಲ ಆ ಗೊಬ್ಬರ ಮುಟ್ಟುವುದಿಲ್ಲ. ಮುಟ್ಟಬಾರದು ಕೂಡ.

ಗ್ರಾಮಸಭೆಯಲ್ಲಿ ಕೇಳಬೇಕಾದ್ದು

ಉದ್ಯೋಗ ಖಾತ್ರಿಯಲ್ಲಿ ಗೊಬ್ಬರದ ಗುಂಡಿ, ಎರೆಹುಳದ ತೊಟ್ಟಿ ಕಟ್ಟಿಕೊಡುವ ಅವಕಾಶ ಇತ್ತು. ಎಷ್ಟೋ ಕಡೆ ತೊಟ್ಟಿ ಕಟ್ಟಿ, ಬೋರ್ಡು ಬರೆದು, ಫೋಟೋ ತೆಗೆದದ್ದೂ ಆಯಿತು. ಈಗ ಅದರಲ್ಲಿ ಸೌದೆಯೋ ಕೋಳಿಯೋ ಇರುವುದನ್ನು ಯಾವ ಊರಲ್ಲಾದರೂ ಕಾಣಬಹುದು. 2025ರ ಡಿಸೆಂಬರಿನಲ್ಲಿ ಸಂಸತ್ತು ಆ 2005ರ ಕಾಯ್ದೆಯ ಜಾಗಕ್ಕೆ ಹೊಸ ಕಾಯ್ದೆ ಪಾಸು ಮಾಡಿದೆ. ಹೊಸ ಪಟ್ಟಿಯಲ್ಲಿ ಹಿತ್ತಲ ಗುಂಡಿಗೆ ಜಾಗ ಇದೆಯೇ, ಎಷ್ಟು ದುಡ್ಡು, ಯಾರಿಗೆ ಮೊದಲು – ಇದನ್ನು ಹೊಸಬಾಳೆಯಂಥ ಊರುಗಳ ಜನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಬೇಕು. ಜತೆಗೆ ಇನ್ನೂ ಎರಡು ಪ್ರಶ್ನೆ. ಊರಿನ ಸೊಪ್ಪಿನಬೆಟ್ಟ ಎಷ್ಟು ಎಕರೆ, ಅದರಲ್ಲಿ ಬೇಲಿಯೊಳಗೆ ಹೋದದ್ದು ಎಷ್ಟು? ಉಣುಗಿನ ಎಣ್ಣೆ ನವೆಂಬರಿಗೆ ಮೊದಲೇ ಬರುತ್ತದೋ, ಮಂಗ ಸತ್ತ ಮೇಲೆ ಬರುತ್ತದೋ?

ಕೇಳಿದವರಿಗೆ "ನೋಡೋಣ" ಎಂಬ ಉತ್ತರ ಸಿಗುವುದು ಖಾತ್ರಿ. ನೋಡುವವರು ನೋಡುತ್ತಿರಲಿ. ಅಲ್ಲಿಯ ತನಕ ಅಡುಗೆಮನೆ ಹಿಂದೆ ಮೂರಡಿ ಜಾಗ, ಎರಡು ಬುಟ್ಟಿ, ಬೇಲಿಗೆ ನಾಲ್ಕು ಗೊಬ್ಬರ ಗಿಡದ ಗೂಟ. ಇದಕ್ಕೆ ಯಾವ ಶಾಸಕರ ಶಿಫಾರಸೂ ಬೇಡ, ಸೊಸೈಟಿಯ ಚೀಟಿಯೂ ಬೇಡ. ಮುಂದಿನ ಮುಂಗಾರಿನಲ್ಲಿ ಯೂರಿಯಾ ಸಾಲು ಮತ್ತೆ ಬೆಳೆದರೆ ಬೆಳೆಯಲಿ. ಬಸಳೆ ಬುಡಕ್ಕೆ ಗೊಬ್ಬರ ಹಾಕುವವರಾದರೂ ಆ ಸಾಲಿನಲ್ಲಿ ಕಾಣಬಾರದು.